ಬೇರಿಲ್ಲದ ಗಿಡದ ಹೂವು

ಒಂದು ಪ್ರಶ್ನೆ ಕೇಳುತ್ತೇನೆ. ಬೇರುಗಳು ಬಹುಪಾಲು ಕೊಳೆತುಹೋದ ಒಂದು ಆರ್ಕಿಡ್ ಗಿಡ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದಿವೆ. ಆದರೆ ಎಲೆಸಂದಿಯಿಂದ ಒಂದು ಹೂಕಡ್ಡಿ ಎದ್ದು ನಿಂತಿದೆ, ಅದರ ತುದಿಯಲ್ಲಿ ಐದು ಮೊಗ್ಗು. ಆರ್ಕಿಡ್ ಬೆಳೆಸಿ ಬಲ್ಲವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ಕಡ್ಡಿ ಕತ್ತರಿಸಿಬಿಡಿ, ಹೂವಿಗೆ ಹೋಗುವ ಶಕ್ತಿ ಬೇರಿಗೆ ಹೋಗಲಿ. ಕತ್ತರಿಸುತ್ತೀರಾ?

ತೋಟಗಾರಿಕೆಯ ಪ್ರಶ್ನೆ ಅಂತ ತಗೊಂಡರೆ ಇದು ಎರಡು ನಿಮಿಷದ ಕೆಲಸ. ಬ್ಲೇಡನ್ನು ಬೆಂಕಿಗೆ ಹಿಡಿಯುವುದು, ಆರಲು ಬಿಡುವುದು, ಕತ್ತರಿಸುವುದು. ನಮ್ಮ ಮನೆಯಲ್ಲಿ ಮಾತ್ರ ಇದರ ಮೇಲೆ ಎರಡು ದಿನ ಚರ್ಚೆ ನಡೆಯಿತು. ಹೆಂಡತಿ ಒಂದು ಪಕ್ಷ, ನಾನು ಒಂದು ಪಕ್ಷ. ಗಿಡ ಅಡುಗೆಮನೆ ಕಟ್ಟೆಯ ಮೇಲೆ, ಬರಿ ಬೇರಲ್ಲಿ.

ಗಿಡ ನಾವು ಕೊಂಡದ್ದಲ್ಲ. ಎದುರು ಫ್ಲ್ಯಾಟಿನವರು ಕೆನಡಾಕ್ಕೆ ಹೊರಟಾಗ ಕೊಟ್ಟುಹೋದದ್ದು. "ನಿಮಗೆ ಊರಲ್ಲಿ ತೋಟ ಇದೆಯಲ್ಲ, ನಿಮಗೆ ಗೊತ್ತಿರುತ್ತೆ" ಅಂದರು. ಅಡಿಕೆ ತೋಟದವರ ಮಗನಿಗೆ ಆರ್ಕಿಡ್ ಗೊತ್ತಿರಲೇಬೇಕು ಅನ್ನುವುದು, ಸಾಫ್ಟ್‌ವೇರ್ ಎಂಜಿನಿಯರಿಗೆ ಪ್ರಿಂಟರ್ ರಿಪೇರಿ ಬರಲೇಬೇಕು ಅನ್ನುವ ಹಾಗೆ. ಇರಲಿ. ಅದು ಫೆಲನಾಪ್ಸಿಸ್ ಜಾತಿಯದು. ಹೆಸರು ಗೊತ್ತಿರದಿದ್ದರೂ ಗಿಡವನ್ನು ನೀವು ನೋಡಿರುತ್ತೀರಿ. ಹೋಟೆಲ್ ರಿಸೆಪ್ಷನ್ನಿನ ಮೇಜಿನ ಮೇಲೆ, ಗೃಹಪ್ರವೇಶದ ಉಡುಗೊರೆಗಳ ನಡುವೆ, ಬಾಗಿದ ಉದ್ದ ಕಡ್ಡಿಯಲ್ಲಿ ಸಾಲಾಗಿ ಬಿಳಿ ಅಥವಾ ನೇರಳೆ ಹೂ ಬಿಟ್ಟುಕೊಂಡು ನಿಂತಿರುತ್ತದೆ. ಪತಂಗದ ಹಾಗಿದೆ ಎಂಬ ಅರ್ಥದ ಗ್ರೀಕ್ ಹೆಸರನ್ನು 1825ರಲ್ಲಿ ಬ್ಲೂಮೆ ಎಂಬ ಸಸ್ಯವಿಜ್ಞಾನಿ ಇಟ್ಟ. ಇದರ ಒಂದು ಪ್ರಭೇದ ಇಂಡೋನೇಷ್ಯಾದ ರಾಷ್ಟ್ರೀಯ ಹೂಗಳಲ್ಲಿ ಒಂದು. ನಮ್ಮ ಕುಂಡಕ್ಕೆ ಬರುವುದು ಯಾವ ಕಾಡಿನದೂ ಅಲ್ಲ, ತಲೆಮಾರುಗಟ್ಟಲೆ ಬೆರಕೆ ಮಾಡಿ, ಪಾಲಿಹೌಸಿನಲ್ಲಿ ಬೆಳೆಸಿ, ಹೂ ಬಿಟ್ಟ ಮೇಲೆ ಲಾರಿ ಹತ್ತಿಸಿದ್ದು.

ಕುಂಡದಿಂದ ಬಿಡಿಸಿದಾಗ ಒಳಗೆ ಒತ್ತಿ ತುಂಬಿದ್ದ ಪಾಚಿಯ ಉಂಡೆ ಸಿಕ್ಕಿತು. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು, ಒಳಗೆ ಹಿಂಡಿದರೆ ನೀರು ಇಳಿಯುತ್ತಿತ್ತು. ಹನ್ನೊಂದು ಬೇರುಗಳಲ್ಲಿ ಗಟ್ಟಿ ಇದ್ದದ್ದು ಎರಡು. ಉಳಿದವು ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಪೊರೆ ಕಳಚಿ ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತಿತ್ತು.

ಆ ಪೊರೆಯ ಬಗ್ಗೆ ಒಂದು ಮಾತು ಹೇಳಬೇಕು. ಈ ಆರ್ಕಿಡ್‌ಗಳು ಮಣ್ಣಿನ ಗಿಡಗಳಲ್ಲ, ಮರದ ಮೇಲೆ ಬೆಳೆಯುವಂಥವು. ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಹಲಸಿನ ಮರದ ಮೇಲೆ ಜಡೆಯ ಹಾಗೆ ಇಳಿಬೀಳುವ ಸೀತಾಳೆ ದಂಡೆಯೂ ಇದೇ ಬಳಗದ್ದು. ಚಿಕ್ಕವನಿದ್ದಾಗ ಅದೂ ಬಂದಳಿಕೆಯೇ ಅಂದುಕೊಂಡಿದ್ದೆವು. ಅಲ್ಲ. ಬಂದಳಿಕೆ ಮರದೊಳಗೆ ಬೇರಿಳಿಸಿ ಅದರ ರಸ ಕುಡಿಯುತ್ತದೆ. ಸೀತಾಳೆ ದಂಡೆ ಮರದ ಹತ್ತಿರ ಕೇಳುವುದು ಕೂರಲು ಜಾಗ ಮಾತ್ರ. ನೀರು ಬೇಕಾದರೆ ಮಳೆಯಿಂದ, ಮಂಜಿನಿಂದ ಬೇರಿನ ಹೊರಪೊರೆಯಲ್ಲಿ ಹೀರಿಕೊಳ್ಳುತ್ತದೆ. ಆ ಪೊರೆ ಸತ್ತ ಜೀವಕೋಶಗಳ ಒಂದು ಸ್ಪಂಜು. ಒಣಗಿದ್ದಾಗ ಬೆಳ್ಳಿಯ ಬಣ್ಣ. ನೀರು ಬಿದ್ದ ಕೂಡಲೇ ಒಳಗಿನ ಹಸಿರು ಕಾಣುತ್ತದೆ, ಯಾಕೆಂದರೆ ಈ ಬೇರುಗಳೂ ಎಲೆಯಂತೆ ಬೆಳಕು ಹಿಡಿದು ಒಂದಿಷ್ಟು ಅಡುಗೆ ಮಾಡಿಕೊಳ್ಳುತ್ತವೆ. ಗಾಳಿ ಬೇಕಾದ ಬೇರು ಇದು. ಸದಾ ಒದ್ದೆಯಲ್ಲಿಟ್ಟರೆ ಉಸಿರುಗಟ್ಟಿ ಕೊಳೆಯುತ್ತದೆ.

(ಬೇರು ಅಂದ ಕೂಡಲೇ ಊರು, ಅಜ್ಜಿ, ಹಂಚಿನ ಮನೆ, ಮೊದಲ ಮಳೆಯ ವಾಸನೆ ಅಂತ ಶುರು ಮಾಡುವುದು ನನ್ನಂಥ ಊರುಬಿಟ್ಟ ಟೆಕ್ಕಿಗಳ ಚಾಳಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಗಾಳಿಯಲ್ಲಿ ನೇತಾಡುವ ಬೇರು ಆ ರೂಪಕಕ್ಕೆ ಒಗ್ಗುವುದೂ ಇಲ್ಲ.)

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಬೇರು ಕೊಳೆತ ಆರ್ಕಿಡ್‌ನ ಎಲೆ ಹೇಗೆ ಕಾಣುತ್ತದೆ ಗೊತ್ತಾ? ನೀರಿಲ್ಲದೆ ಒಣಗಿದ ಆರ್ಕಿಡ್‌ನ ಎಲೆಯ ಹಾಗೆಯೇ. ಅದೇ ಸುಕ್ಕು, ಅದೇ ಜೋತುಬೀಳುವಿಕೆ. ಯಾಕೆಂದರೆ ಗಿಡಕ್ಕೆ ನಿಜವಾಗಿಯೂ ಬಾಯಾರಿಕೆಯೇ. ಸುತ್ತ ನೀರಿದೆ, ಕುಡಿಯಲು ಬಾಯಿಲ್ಲ. ನೋಡಿದವರು ಅಯ್ಯೋ ಪಾಪ ಅಂತ ಇನ್ನೊಂದು ಲೋಟ ಸುರಿಯುತ್ತಾರೆ. ಉಳಿದ ಎರಡು ಬೇರೂ ಹೋಗುತ್ತವೆ. ಇದರಲ್ಲಿ ಸುರಿದವರ ಮನಸ್ಸು ಕೆಟ್ಟದ್ದೇನಲ್ಲ. ಆದರೆ ನೀರು ಸುರಿಯುವುದರಿಂದ ಮೊದಲು ಸಮಾಧಾನ ಆಗುವುದು ಯಾರಿಗೆ? ಗಿಡಕ್ಕಲ್ಲ, ಸುರಿದವರಿಗೆ. "ನಾನು ಏನೋ ಒಂದು ಮಾಡಿದೆ" ಅನ್ನುವ ಸಮಾಧಾನ. ಆರ್ಕಿಡ್ ಬದುಕಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಕೈ ಕಟ್ಟಿಕೊಂಡು ಕೂರುವುದು. ಸತ್ತ ಬೇರು ಕತ್ತರಿಸಿ, ದೊಡ್ಡ ತೊಗಟೆ ಚೂರು ಮತ್ತು ಇದ್ದಿಲು ಹಾಕಿದ ಪಾರದರ್ಶಕ ಕುಂಡದಲ್ಲಿ ಕೂರಿಸಿ, ಅಲುಗಾಡದ ಹಾಗೆ ಕೋಲು ಕೊಟ್ಟು, ನೇರ ಬಿಸಿಲು ಬೀಳದ ಆದರೆ ಬೆಳಕಿರುವ ಕಿಟಕಿಯ ಹತ್ತಿರ ಇಟ್ಟು, ಸುತ್ತ ಒಂದಿಷ್ಟು ತೇವದ ಗಾಳಿ ಇರುವ ಹಾಗೆ ನೋಡಿಕೊಂಡು, ಆಮೇಲೆ ಸುಮ್ಮನಿರಬೇಕು. ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚುವವರಿದ್ದಾರೆ. ಗಾಯಕ್ಕೆ ಸರಿ, ಆದರೆ ಪ್ರೀತಿ ಹೆಚ್ಚಾಗಿ ಬೇರಿಗೆಲ್ಲ ಉದುರಿಸಿದರೆ ಅದು ಇರುವ ಬೇರನ್ನೂ ಒಣಗಿಸುತ್ತದೆ.

ಹೂಕಡ್ಡಿಯ ಜಗಳಕ್ಕೆ ಬರುತ್ತೇನೆ. ನಾನು ಕತ್ತರಿಸೋಣ ಅಂದೆ. ಹೆಂಡತಿ ಅಂದದ್ದು: "ಅದು ತಾನಾಗೇ ಬಿಡ್ತಾ ಇರೋ ಹೂವನ್ನ ಬೇಡ ಅನ್ನೋಕೆ ನಾವ್ಯಾರು? ಸಾಯೋದೇ ಆದ್ರೆ ಹೂ ಬಿಟ್ಟು ಸಾಯಲಿ. ನಿಮಗೆ ಗಿಡ ಉಳಿಸ್ದೆ ಅನ್ನೋ ಹೆಸರು ಬೇಕು, ಅದಕ್ಕೆ ಹೂ ಬೇಕಿರಬಹುದು."

ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಆಸ್ಪತ್ರೆಯಲ್ಲಿರುವ ಹಿರಿಯರು "ನನ್ನನ್ನ ಮನೆಗೆ ಕರ್ಕೊಂಡು ಹೋಗ್ರೋ" ಅಂದಾಗ ಮಕ್ಕಳ ಮುಂದೆ ನಿಲ್ಲುವುದೂ ಇದೇ ಪ್ರಶ್ನೆ. ಇನ್ನೊಂದು ಜೀವದ ಒಳಿತು ಯಾವುದು ಅಂತ ನಾವು ತೀರ್ಮಾನಿಸಿ, ಅದಕ್ಕಾಗಿ ಅದರ ಇಷ್ಟವನ್ನು ಕತ್ತರಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ಗಿಡಕ್ಕೆ ಇಷ್ಟ ಅಂತ ಒಂದು ಇದೆಯಾ ಅನ್ನುವ ತಕರಾರನ್ನು ಸದ್ಯ ಪಕ್ಕಕ್ಕಿಡಿ. ಇದೆ ಅಂತಲೇ ಇಟ್ಟುಕೊಂಡು ಯೋಚಿಸೋಣ.

ಆಗ ಕೇಳಬೇಕಾದ ಪ್ರಶ್ನೆ: ಆ ಹೂ ನಿಜಕ್ಕೂ "ತಾನಾಗೇ" ಬಿಡುತ್ತಿದ್ದದ್ದಾ? ಫೆಲನಾಪ್ಸಿಸ್ ಹೂಕಡ್ಡಿ ಹಾಕುವುದು ಉಷ್ಣಾಂಶ ನೋಡಿಕೊಂಡು. 28 ಡಿಗ್ರಿಗಿಂತ ಹೆಚ್ಚಿನ ಸೆಕೆಯಲ್ಲಿಟ್ಟರೆ ಎಲೆ ಹಾಕುತ್ತಾ ಇರುತ್ತದೆಯೇ ಹೊರತು ಕಡ್ಡಿ ಹಾಕುವುದಿಲ್ಲ. ಅದಕ್ಕಿಂತ ತಂಪಿನಲ್ಲಿ ಕೆಲವು ವಾರ ಇಟ್ಟರೆ ಕಡ್ಡಿ ಎಬ್ಬಿಸುತ್ತದೆ. ಬೆಳೆಗಾರರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಬೇಕಾದಷ್ಟು ಕಾಲ ಬೆಚ್ಚಗಿಟ್ಟು ಹೂವನ್ನು ತಡೆಯುತ್ತಾರೆ. ಮಾರುಕಟ್ಟೆಗೆ ಬೇಕಾದ ತಿಂಗಳು ಲೆಕ್ಕ ಹಾಕಿ ಪಾಲಿಹೌಸನ್ನು ತಂಪು ಮಾಡುತ್ತಾರೆ. ಸಾವಿರಾರು ಗಿಡ ಒಟ್ಟಿಗೆ, ಒಂದೇ ವಾರದ ಅಂತರದಲ್ಲಿ ಕಡ್ಡಿ ಎತ್ತುತ್ತವೆ. ನಮ್ಮ ಗಿಡ ಒಮ್ಮೆ ಹಾಗೆ ಹೂ ಬಿಟ್ಟು ಮಾರಾಟವಾದದ್ದು. ಈ ಸಲದ ಕಡ್ಡಿಯನ್ನು ಎಬ್ಬಿಸಿದ್ದು ಬೆಂಗಳೂರಿನ ಜನವರಿಯ ಚಳಿ. ಆ ಚಳಿ ಬಿದ್ದಾಗ ಬೇರು ಇತ್ತೋ, ಅರ್ಧ ಹೋಗಿತ್ತೋ. ಗಿಡಕ್ಕೆ ತಂಪಿನ ಆದೇಶ ಬಂತು, ಪಾಲಿಸಿತು. ಅದರ ಅಜ್ಜ ಮುತ್ತಜ್ಜಂದಿರನ್ನು ಆರಿಸಿ ಬೆರಕೆ ಮಾಡಿದ್ದೇ ಹೀಗೆ ತಪ್ಪದೆ ಪಾಲಿಸುತ್ತವೆ ಅಂತ. ಬೇರಿಲ್ಲದಿದ್ದರೂ ಹೂ ಅರಳುತ್ತದೆ. ಎಲೆಯಲ್ಲಿ ಕೂಡಿಟ್ಟ ನೀರು, ಆಹಾರ ಎಳೆದುಕೊಂಡು ಅರಳುತ್ತದೆ. ಎಲೆ ಇನ್ನಷ್ಟು ಸುಕ್ಕಾಗುತ್ತದೆ. ಹೂವನ್ನು ಮಾತ್ರ ನೋಡುವವರಿಗೆ ಗಿಡ ಭರ್ಜರಿಯಾಗಿಯೇ ಇರುತ್ತದೆ.

ಇದನ್ನು ಹೆಂಡತಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ನನಗೆ ಹಸಿವಾಗೋದೂ ಯಾರೋ ಕಲಿಸಿದ್ದಾ ಹಂಗಾದ್ರೆ?" ಅಂದಳು. ಕೊನೆಗೆ ಕಡ್ಡಿ ಕತ್ತರಿಸಿ ಒಂದು ಸ್ಟೀಲ್ ಲೋಟದಲ್ಲಿ ನೀರಿಗಿಟ್ಟೆವು. ಐದರಲ್ಲಿ ಎರಡು ಮೊಗ್ಗು ಅಲ್ಲೇ ಅರಳಿದವು, ಮೂರು ಹಳದಿಯಾಗಿ ಉದುರಿದವು. ಅರಳಿದ ಎರಡನ್ನು ಅವಳು ಎರಡು ವಾರ ದೇವರ ಮುಂದೆ ಇಟ್ಟಿದ್ದಳು, ನನಗೆ ಏನೂ ಹೇಳದೆ.

ನಾನು ಈ ವಿಷಯವನ್ನು ಇಷ್ಟು ಎಳೆದಾಡುತ್ತಿರುವುದಕ್ಕೆ ಕಾರಣ ಗಿಡ ಒಂದೇ ಅಲ್ಲ. ಅದೇ ತಿಂಗಳು ಆಫೀಸಿನಲ್ಲಿ ನನ್ನ ಟೀಮಿನ ಒಬ್ಬ ಹುಡುಗ ರಜೆ ಮುಗಿಸಿ ವಾಪಸ್ ಬಂದಿದ್ದ. ರಾಣೆಬೆನ್ನೂರು ಕಡೆಯವನು. ಅಪ್ಪ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ, ಓದುತ್ತಿರುವ ತಮ್ಮ, ಬೋರ್‌ವೆಲ್‌ಗೆ ಮಾಡಿದ ಸಾಲ. ಬಂದ ಎರಡನೇ ವಾರ, ನಾವು ನಾಲ್ಕು ತಿಂಗಳಿಂದ ಹುಡುಕುತ್ತಿದ್ದ ಒಂದು ಬಗ್ಗನ್ನು ಅವನು ಒಂದೇ ರಾತ್ರಿಯಲ್ಲಿ ಹಿಡಿದ. ಬೆಳಗಿನ ಜಾವ 4:10ಕ್ಕೆ ಕೋಡ್ ಹಾಕಿದ್ದ. ಗ್ರೂಪಿನಲ್ಲಿ ಚಪ್ಪಾಳೆಯ ಮಳೆ. "ಬ್ಯಾಕ್ ಇನ್ ಫಾರ್ಮ್" ಅಂತ ಮ್ಯಾನೇಜರ್ ಬರೆದರು. ಸಂಜೆ ನನ್ನನ್ನು ಕರೆದು, ಮುಂದಿನ ರಿಲೀಸಿನ ಜವಾಬ್ದಾರಿ ಅವನಿಗೇ ಕೊಡೋಣ, ಆನ್‌ಕಾಲ್ ಪಾಳಿಗೂ ಸೇರಿಸೋಣ ಅಂದರು. ಅವರು ಕೆಟ್ಟವರಲ್ಲ. ಅವರ ಪ್ರಕಾರ ಅದು ಬಹುಮಾನ.

ನನಗೆ ಕಂಡದ್ದು 4:10 ಅನ್ನುವ ಅಂಕಿ. ಹಿಂದಿನ ದಿನಗಳದ್ದನ್ನು ನೋಡಿದೆ. 3:25, 2:50, 4:40. ನಿದ್ದೆ ಬಾರದವನು ಕಂಪ್ಯೂಟರ್ ತೆಗೆದು ಕೂತಿದ್ದಾನೆ. ಅವನಿಗೆ ಆ ಬಗ್ಗು ಸಿಕ್ಕಿದ್ದು ನಿಜ, ಕೆಲಸ ಒಳ್ಳೆಯದಾಗಿದ್ದದ್ದೂ ನಿಜ.

ಸಿಮೋನ್ ವೇಲ್ ಅನ್ನುವ ಫ್ರೆಂಚ್ ಚಿಂತಕಿ ಒಬ್ಬಳಿದ್ದಳು, 1943ರಲ್ಲಿ ಮೂವತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡಳು. ನೋವಿನಲ್ಲಿರುವವರ ಮುಂದೆ ಕೂತು ನಿನಗೇನಾಗುತ್ತಿದೆ ಅಂತ ಕೇಳಬಲ್ಲವರಾಗುವುದೇ ನೆರೆಯವರನ್ನು ಪ್ರೀತಿಸುವುದು ಅನ್ನುವುದು ಅವಳ ವಾದದ ತಿರುಳು. ಓದುವಾಗ ಇದರಲ್ಲೇನಿದೆ ಅನ್ನಿಸುತ್ತದೆ. ನಮ್ಮ ಆಫೀಸುಗಳಲ್ಲಿ, ಮನೆಗಳಲ್ಲಿ ನಾವು ಚೇತರಿಸಿಕೊಳ್ಳುತ್ತಿರುವವರನ್ನು ಕೇಳುವುದೆಲ್ಲ ಬೇರೆಯೇ ಪ್ರಶ್ನೆ ಅಂತ ಗಮನಿಸಿದಾಗ ಗೊತ್ತಾಗುತ್ತದೆ. ಯಾವಾಗ ಜಾಯಿನ್ ಆಗ್ತೀಯ? ಡೆಲಿವರಿ ಆಗಿ ಆರು ತಿಂಗಳಾಯ್ತಲ್ಲ, ಇನ್ನೂ ಹಳೇ ಸ್ಪೀಡ್ ಬಂದಿಲ್ವಾ? ಡಿವೋರ್ಸ್ ಮುಗೀತಲ್ಲ, ಇನ್ನು ನಗ್ತಾ ಇರು. ಎಲ್ಲವೂ ಹೂವಿನ ಪ್ರಶ್ನೆಗಳು. ನಮ್ಮ ಮನೆಗೆ ಬಂದವರೂ ಅಷ್ಟೆ. ಕುಂಡ ನೋಡಿ "ಹೂ ಯಾವಾಗ ಬಿಡುತ್ತೆ?" ಅನ್ನುತ್ತಿದ್ದರು. ಜೂನ್‌ನಲ್ಲಿ ಬುಡದಲ್ಲಿ ಒಂದು ಹಸಿರು ಗುಬುಟು ಕಂಡಿತು. ಫೆಲನಾಪ್ಸಿಸ್‌ನಲ್ಲಿ ಹೊಸ ಬೇರೂ ಹೂಕಡ್ಡಿಯೂ ಮೊದಲಿಗೆ ಒಂದೇ ಥರ ಕಾಣುತ್ತವೆ. ಬೇರಿನ ತುದಿ ಗುಂಡಗೆ ನುಣುಪಾಗಿರುತ್ತದೆ, ಕಡ್ಡಿಯ ತುದಿ ಮಕ್ಕಳ ಕೈಗವಸಿನ ಹಾಗೆ ಹೆಬ್ಬೆರಳು ಬಿಟ್ಟುಕೊಂಡಿರುತ್ತದೆ. ವಾರದ ಮೇಲೆ ಬೇರು ಅಂತ ಖಚಿತವಾಯಿತು. ಪಕ್ಕದ ಮನೆಯವರಿಗೆ ಹೇಳಿದರೆ "ಅಯ್ಯೋ, ಬೇರಾ!" ಅಂದರು. ಆ ಅಯ್ಯೋ ನನಗೆ ಚೆನ್ನಾಗಿ ನೆನಪಿದೆ. ಗಿಡ ಬದುಕುತ್ತದೆ ಅನ್ನುವ ಸುದ್ದಿಗೆ ಸಿಕ್ಕ ಅಯ್ಯೋ ಅದು.

ಹಾಗಂತ ಹೂ ಕೇಳುವುದೇ ಪಾಪ, ಬೇರು ಬರುವ ತನಕ ಎಲ್ಲರನ್ನೂ ನೆರಳಲ್ಲಿಟ್ಟು ನೀರು ಚಿಮುಕಿಸುತ್ತಿರಬೇಕು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಆರ್ಕಿಡ್ಡೇ ನಗುತ್ತದೆ. ಅಮ್ಮ ಊರಿಂದ ಬಂದವಳು ಹೊಸ ಬೇರು ನೋಡಿ, "ಬೇರು ಬಂತಲ್ಲ, ಇನ್ನು ಹೂವು ಎಲ್ಲಿಗೆ ಹೋಗ್ತದೆ, ಬಂದೇ ಬರ್ತದೆ" ಅಂದಳು. ಅಡಿಕೆ ಮರಕ್ಕೆ ಅದು ಸರಿಯಿರಬಹುದು, ಈ ಗಿಡಕ್ಕೆ ಅರ್ಧ ಮಾತ್ರ ಸರಿ. ಬೇರು ಚೆನ್ನಾಗಿ ಬಂದು, ಎಲೆ ದಪ್ಪಗಾಗಿ, ಮನೆಯೊಳಗೆ ಹಗಲೂ ರಾತ್ರಿ ಒಂದೇ ಬೆಚ್ಚಗಿನ ಮೂಲೆಯಲ್ಲಿ ಸುಖವಾಗಿ ವರ್ಷಗಟ್ಟಲೆ ಒಂದೂ ಹೂ ಬಿಡದೆ ಇರುವ ಫೆಲನಾಪ್ಸಿಸ್‌ಗಳು ಬೇಕಾದಷ್ಟಿವೆ. ಅದಕ್ಕೆ ಬೆಳಕು ಬೇಕು, ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ತಂಪು ರಾತ್ರಿಗಳು ಬೇಕು. ಒಂದಿಷ್ಟು ಕಷ್ಟ ಬೇಕು ಅನ್ನಿ. ಕಷ್ಟ ಕೊಡದೆ ಕಾಪಾಡುವುದೂ ಒಂದು ಥರದಲ್ಲಿ ಕೈಬಿಟ್ಟ ಹಾಗೆಯೇ. ಇಷ್ಟೇ ಸಾಕು ನಿನ್ನಿಂದ ಅಂತ ತೀರ್ಮಾನಿಸಿಬಿಟ್ಟ ಹಾಗೆ.

ಇದಕ್ಕೆ ವಿರುದ್ಧ ತುದಿಯ ವಾದ ನಮ್ಮಪ್ಪನದ್ದು. "ಕಾಡಲ್ಲಿ ಯಾರು ನೋಡ್ಕೊಳ್ತಾರೆ ಇದನ್ನ? ಹೊರಗಿಡು, ಬದುಕೋದಾದ್ರೆ ಬದುಕ್ತದೆ." ಕಷ್ಟದಲ್ಲಿ ಬೆಳೆದು ಮೇಲೆ ಬಂದ ಎಲ್ಲರ ಬಾಯಲ್ಲೂ ಈ ಮಾತು ಇರುತ್ತದೆ, ನಮ್ಮ ಇಂಡಸ್ಟ್ರಿಯಲ್ಲಂತೂ ಧಾರಾಳ. ಆದರೆ ಕಾಡಿನ ಆರ್ಕಿಡ್ ಕೂಡ ತಾನೊಂದೇ ಮೇಲೆ ಬಂದದ್ದಲ್ಲ. ಅದರ ಬೀಜ ಧೂಳಿನಷ್ಟು ಸಣ್ಣದು, ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಇರಬಹುದು. ಭತ್ತಕ್ಕೋ ತೆಂಗಿಗೋ ಇರುವ ಹಾಗೆ ಮೊಳಕೆಗೆ ಬೇಕಾದ ಬುತ್ತಿ ಅದರೊಳಗಿಲ್ಲ. ಒಂದು ಶಿಲೀಂಧ್ರ ಬಂದು ಊಟ ಕೊಟ್ಟರೆ ಮಾತ್ರ ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ಕ್ನಡ್ಸನ್ ಸಕ್ಕರೆ ಹಾಕಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆ ಆ ಬೀಜ ಮೊಳೆಸಿ ತೋರಿಸಿದರು. ಇವತ್ತು ಆರ್ಕಿಡ್ ಇಷ್ಟು ಅಗ್ಗವಾಗಿ ಸಿಗುವುದರ ಹಿಂದೆ ಆ ಸಕ್ಕರೆ ಇದೆ. ಅಂತೂ ಯಾರೋ ಒಬ್ಬರು ಉಣಿಸಲೇಬೇಕು. ಉಣಿಸಿದವರ ಹೆಸರು ಹೂವಿನ ಮೇಲೆ ಇರುವುದಿಲ್ಲ, ಅಷ್ಟೆ.

ಹಾಗಾದರೆ ಯಾವಾಗ ತಡೆಯಬೇಕು, ಯಾವಾಗ ಕೇಳಬೇಕು ಅಂತ ತಿಳಿಯುವುದು ಹೇಗೆ? ಗಿಡದ ವಿಷಯದಲ್ಲಿ ಉತ್ತರ ಸರಳ: ಬೇರು ನೋಡಬೇಕು. ಪಾರದರ್ಶಕ ಕುಂಡ ಇರುವುದು ಅದಕ್ಕೇ. ಬೆಳ್ಳಿ ಬಣ್ಣವಾ, ನೀರು ಕೊಡು. ಹಸಿರಾ, ಸುಮ್ಮನಿರು. ಅಗಸ್ಟ್ ಹೊತ್ತಿಗೆ ನಮ್ಮದರಲ್ಲಿ ನಾಲ್ಕು ಹೊಸ ಬೇರು ಗಾಜಿಗೆ ಮೂಗು ಒತ್ತಿದ ಮಕ್ಕಳ ಹಾಗೆ ಕುಂಡದ ಗೋಡೆಗೆ ಅಂಟಿಕೊಂಡಿದ್ದವು. ಹಳೆಯ ಎರಡು ಬೇರುಗಳಲ್ಲಿ ಒಂದು ಈ ನಡುವೆ ಸತ್ತಿತ್ತು. ಅದು ಹಳೆಯ ಪಾಚಿಯ ತೇವಕ್ಕೆ ಒಗ್ಗಿದ್ದ ಬೇರು, ತೊಗಟೆಯ ಗಾಳಿಗೆ ಒಗ್ಗಲಿಲ್ಲ. ಹೊಸ ಜಾಗಕ್ಕೆ ಹೊಸ ಬೇರೇ ಬರಬೇಕು. ಮೊದಲ ಚಳಿಗಾಲದಲ್ಲಿ ಕಡ್ಡಿ ಬರಲಿಲ್ಲ, ಒಂದು ಎಲೆ ಬಂತು. ಎರಡನೆಯ ವರ್ಷ ನವೆಂಬರ್ ಕೊನೆಯಿಂದ ರಾತ್ರಿ ಬಾಲ್ಕನಿಯ ತಂಪಿಗೆ ಇಟ್ಟೆವು. ಜನವರಿಯಲ್ಲಿ ಬಂತು, ಹೆಬ್ಬೆರಳು ಬಿಟ್ಟುಕೊಂಡು. ಏಪ್ರಿಲ್‌ನಲ್ಲಿ ನಾಲ್ಕು ಹೂ. ನೇರಳೆ ಅಂತ ನೆನಪಿತ್ತು ನನಗೆ. ಬಿಳಿಯೇ, ನಡುವೆ ಮಾತ್ರ ನೇರಳೆ.

ಮನುಷ್ಯರಿಗೆ ಪಾರದರ್ಶಕ ಕುಂಡ ಇಲ್ಲ. ಆದರೆ ಬಾಯಿದೆ. ಗಿಡದ ಕಡ್ಡಿ ಕತ್ತರಿಸುವಾಗ ಅದನ್ನು ಕೇಳುವ ದಾರಿ ಇರಲಿಲ್ಲ. ಈ ಹುಡುಗನನ್ನು ಕೇಳದೆ, "ಪಾಪ, ಅವನಿಗೆ ಈಗ ಏನೂ ಕೊಡಬೇಡಿ" ಅಂತ ಅವನ ಪರವಾಗಿ ತೀರ್ಮಾನ ಮಾಡಿದ್ದರೆ ಅವನನ್ನು ಗಿಡದ ಲೆಕ್ಕಕ್ಕೆ ಇಳಿಸಿದ ಹಾಗಾಗುತ್ತಿತ್ತು. ಚಹಾಕ್ಕೆ ಕರೆದುಕೊಂಡು ಹೋಗಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಕೆಲಸಾ ಮಾತ್ರ ಕಸಗೋಬ್ಯಾಡ್ರಿ. ಖಾಲಿ ಕುಂತ್ರ ಅಪ್ಪನ ನೆನಪಾಗ್ತೈತಿ. ಮನ್ಯಾಗ ಎಲ್ಲಾರೂ ನನ್ನ ಮಾರಿ ನೋಡ್ತಾರ" ಅಂದ. ಆಮೇಲೆ ರಿಲೀಸು, ಆನ್‌ಕಾಲ್ ಎರಡಕ್ಕೂ ಸಿದ್ಧ ಅಂದ.

ಇಲ್ಲಿ ತೊಡಕಿದೆ. ಅವನು ಸಿದ್ಧ ಅಂದದ್ದು ಅವನ ಮಾತೇ. ಆದರೆ ಅಪ್ರೈಸಲ್ಲು ಎರಡು ತಿಂಗಳಿದೆ, ಸಾಲ ಇದೆ, ತನ್ನ ಲೀಡು ಎದುರಿಗೆ ಕೂತಿದ್ದಾನೆ. ಇಂಥಲ್ಲಿ ಯಾರು ಇಲ್ಲ ಅನ್ನುತ್ತಾರೆ? ಪಾಲಿಹೌಸಿನ ತಂಪು ಬಿದ್ದಾಗ ಕಡ್ಡಿ ಎತ್ತುವ ಹಾಗೆಯೇ ನಾವೂ ಕೆಲವು ಪ್ರಶ್ನೆಗಳಿಗೆ ಹ್ಞೂಂ ಅನ್ನುವುದು. ಹೆಂಡತಿಯ ಮಾತಿಗೆ ನನ್ನ ಹತ್ತಿರ ಇದ್ದ ಉತ್ತರ ಇದೇ: ಒಬ್ಬರ ಇಷ್ಟವನ್ನು ಗೌರವಿಸುವುದು ಅಂದರೆ ಅವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ಅಲ್ಲ, ಇಲ್ಲ ಅಂದರೂ ಏನೂ ಕಳೆದುಕೊಳ್ಳದ ಒಂದು ಜಾಗ ಮೊದಲು ಮಾಡಿಕೊಡುವುದು. ಮ್ಯಾನೇಜರ್ ಹತ್ತಿರ ಮಾತಾಡಿ, ಆ ವರ್ಷದ ರೇಟಿಂಗಿಗೆ ಅವನು ಈಗಾಗಲೇ ಮಾಡಿದ ಕೆಲಸ ಸಾಕು ಅಂತ ಬರೆಸಿಕೊಂಡು, ಅದನ್ನು ಅವನಿಗೆ ತೋರಿಸಿ, ಮತ್ತೆ ಕೇಳಿದೆ. ಎರಡನೇ ಸಲ ಅವನು ಹೇಳಿದ್ದು ಬೇರೆ. ಹಗಲಿನ ಕೆಲಸ ಎಷ್ಟು ಬೇಕಾದರೂ ಕೊಡಿ, ರಿಲೀಸೂ ಮಾಡುತ್ತೇನೆ, ರಾತ್ರಿ ಫೋನು ಮಾತ್ರ ಬೇಡ. ಅಪ್ಪನ ಸುದ್ದಿ ಬಂದದ್ದು ರಾತ್ರಿ ಎರಡು ಗಂಟೆಗೆ, ಫೋನಿನಲ್ಲಿ.

ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವಂಥದ್ದೂ ಅಲ್ಲ.

ಆನ್‌ಕಾಲ್ ಪಾಳಿಯಲ್ಲಿ ಆರು ಜನ ಇದ್ದದ್ದು ಐದಾಯಿತು. ಯಾರೂ ಬಹಿರಂಗವಾಗಿ ಗೊಣಗಲಿಲ್ಲ. ಒಬ್ಬ ಮಾತ್ರ, ಎಂಟು ತಿಂಗಳ ಮಗು ಇರುವವನು, ಲಿಫ್ಟಿನಲ್ಲಿ ಸಿಕ್ಕಾಗ ಹೇಳಿದ: "ನಾನು ಬೇಡ ಅನ್ನಲ್ಲ ಗುರು. ಅವನ ಕಷ್ಟ ಎಲ್ಲರಿಗೂ ಗೊತ್ತಾಯ್ತು, ಸರಿ. ಗೊತ್ತಾಗದ ಹಾಗೆ ಕಷ್ಟದಲ್ಲಿರೋರದ್ದು? ನಾನು ಸರಿಯಾಗಿ ಮಲಗಿ ಎಂಟು ತಿಂಗಳಾಯ್ತು. ಸತ್ತವರಿದ್ರೆ ರಜೆ, ಹುಟ್ಟಿದವರಿಗೆ ಇಲ್ವಾ?"

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಒಬ್ಬರಿಗೆ ಕೊಟ್ಟ ನೆರಳು ಇನ್ನೊಬ್ಬರ ಮೇಲೆ ಬಿಸಿಲಾಗಿ ಬೀಳುತ್ತದೆ, ಕಿಟಕಿ ಇರುವುದೇ ಒಂದು. ನಾವು ಮಾಡಿದ್ದು ಇಷ್ಟು: ಪಾಳಿಯ ಶೀಟಿನಲ್ಲಿ, ಯಾರು ಬೇಕಾದರೂ ವರ್ಷಕ್ಕೊಮ್ಮೆ ನಾಲ್ಕು ವಾರ ಹೊರಗುಳಿಯಬಹುದು ಅಂತ ಒಂದು ಸಾಲು ಸೇರಿಸಿದೆವು. ಮೊದಲು ಅದರ ಪಕ್ಕದಲ್ಲಿ ಕಾರಣ ಬರೆಯಲು ಒಂದು ಕಾಲಂ ಇತ್ತು. ಮಗುವಿನ ಅಪ್ಪನೇ ಅದನ್ನು ಅಳಿಸಿದ. ರಾಣೆಬೆನ್ನೂರಿನ ಹುಡುಗ ದೀಪಾವಳಿ ಕಳೆದ ಮೇಲೆ ತಾನಾಗಿ ಪಾಳಿಗೆ ಹೆಸರು ಹಾಕಿದ. ಇಲ್ಲಿಯವರೆಗೆ ಆ ಸಾಲನ್ನು ಬಳಸಿಕೊಂಡವರು ಇಬ್ಬರು. ಅದರಲ್ಲಿ ಒಬ್ಬರು ಯಾಕೆ ತಗೊಂಡರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.